ಕಟ್ಟಡಕ್ಕೆ ಮೊದಲು ರಾತ್ರಿಪಾಳಿ

ಮದ್ಯವ್ಯಸನದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಬಿಡಿಸುವುದು ಹೇಗೆ’ ಎಂದೇ ಕೇಳುತ್ತವೆ. ಈ ಸಲ ಬಂದ ಐದು ಪತ್ರಗಳು ಬಿಡಿಸುವ ಜಾಗದ ಬಗ್ಗೆ, ಅಂದರೆ ಒಳಗಿರಿಸಿಕೊಂಡು ಚಿಕಿತ್ಸೆ ಕೊಡುವ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ 33 ವರ್ಷ ಪಾಠ ಹೇಳಿ ನಿವೃತ್ತನಾದವನು. ನನ್ನ ತಮ್ಮ ಕುಡಿತದಿಂದ 46ನೆಯ ವಯಸ್ಸಿಗೇ ತೀರಿಕೊಂಡ. ಅವನ ಹೆಸರಿನಲ್ಲಿ ಊರ ಹೊರಗಿನ ನಮ್ಮ 2 ಎಕರೆ ಜಮೀನಿನಲ್ಲಿ 50 ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರ ಕಟ್ಟಿಸಬೇಕೆಂದಿದ್ದೇನೆ. ಇದಕ್ಕಾಗಿ 40 ಲಕ್ಷ ರೂಪಾಯಿ ತೆಗೆದಿರಿಸಿದ್ದೇನೆ. ಯಾವ ಪರವಾನಗಿಗಳು ಬೇಕು, ಕಟ್ಟಡದ ನಕ್ಷೆ ಹೇಗಿರಬೇಕು, ದಯವಿಟ್ಟು ತಿಳಿಸಿ.
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ದುಃಖದಿಂದ ಹುಟ್ಟಿದ ಇಂತಹ ಸಂಕಲ್ಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ವ್ಯಸನ ಚಿಕಿತ್ಸೆಯ ಸಂಸ್ಥೆಯನ್ನು ಆರಂಭಿಸಿದ್ದು ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಮೇಲೆಯೇ. ಇನ್ನು ಅಗತ್ಯದ ಮಾತಿಗೆ ಬಂದರೆ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಆದರೆ ನಿಮ್ಮ ಪತ್ರದಲ್ಲಿ ಕಟ್ಟಡದ ನಕ್ಷೆಯ ಮಾತಿದೆಯೇ ಹೊರತು, ರಾತ್ರಿ ಎರಡು ಗಂಟೆಗೆ ಆ ಕಟ್ಟಡದಲ್ಲಿ ಎಚ್ಚರವಾಗಿ ಕುಳಿತಿರುವವರು ಯಾರು ಎಂಬ ಮಾತಿಲ್ಲ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ: ತಾನೆಲ್ಲಿದ್ದೇನೆ, ಹಗಲೋ ಇರುಳೋ ಎಂಬುದು ತಿಳಿಯದೆ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಾಣುತ್ತಾ, ಜ್ವರ ಮತ್ತು ರಕ್ತದೊತ್ತಡ ಏರಿ, ಚಿಕಿತ್ಸೆ ಸಿಗದಿದ್ದರೆ ಪ್ರಾಣವನ್ನೇ ಕಳೆದುಕೊಳ್ಳುವ ಸ್ಥಿತಿ ಅದು. ಇದನ್ನು ‘ನಾಟಕ ಮಾಡುತ್ತಿದ್ದಾನೆ’ ಎಂದು ಕೈಕಾಲು ಕಟ್ಟಿ ಮಲಗಿಸಿದ ಕೇಂದ್ರಗಳಿಂದ ನಮ್ಮ ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಯಕೃತ್ತು ಕೆಟ್ಟವರಿಗೆ ಲೊರಾಜೆಪಾಮ್ ಮುಂತಾದ ಮದ್ದುಗಳಿಂದ ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸಬಹುದು; ಆದರೆ ಪ್ರಮಾಣವನ್ನು ವೈದ್ಯರು ನಿರ್ಧರಿಸಬೇಕು, ನಾಡಿ ಮತ್ತು ರಕ್ತದೊತ್ತಡವನ್ನು ನರ್ಸ್ ಕೆಲವು ಗಂಟೆಗಳಿಗೊಮ್ಮೆ ನೋಡಿ ಬರೆದಿಡಬೇಕು. ನಿಶ್ಶಕ್ತಿಯಾಗಿದೆ ಎಂದು ಬಂದೊಡನೆ ಒಂದು ಬಾಟಲಿ ಗ್ಲೂಕೋಸ್ ಏರಿಸುವ ಅಭ್ಯಾಸ ನಮ್ಮ ಊರುಗಳಲ್ಲಿದೆಯಷ್ಟೆ. ಕುಡಿತದಿಂದ ದೇಹದಲ್ಲಿ ಥಯಾಮಿನ್ ಎಂಬ ಬಿ ಜೀವಸತ್ವ ಬರಿದಾಗಿರುವಾಗ ಅದನ್ನು ಕೊಡದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಇಷ್ಟು ತಿಳಿದ ಒಬ್ಬರು ಎಲ್ಲ ಪಾಳಿಗಳಲ್ಲಿಯೂ ಇರಲೇಬೇಕು.

ಈಗ ಲೆಕ್ಕ ಹಾಕಿ. ಒಂದು ನರ್ಸ್ ಕುರ್ಚಿಯನ್ನು ದಿನದ 24 ಗಂಟೆ ಖಾಲಿ ಬಿಡಬಾರದೆಂದರೆ, ಎಂಟು ಗಂಟೆಯ ಪಾಳಿಯಂತೆ ವಾರಕ್ಕೆ 21 ಪಾಳಿಗಳಾಗುತ್ತವೆ. ವಾರಕ್ಕೆ ಆರು ದಿನ ದುಡಿಯುವ ಮೂವರಿಂದ 18 ಪಾಳಿ ಮಾತ್ರ ತುಂಬುತ್ತದೆ. ಹಬ್ಬ, ಕಾಯಿಲೆ, ಮದುವೆಯ ರಜೆ ಸೇರಿದರೆ ಒಂದು ಕುರ್ಚಿಗೆ ನಾಲ್ವರು ಬೇಕು. ವಾರ್ಡಿನ ಸಹಾಯಕರಿಗೂ ಕಾವಲಿನವರಿಗೂ ಇದೇ ಲೆಕ್ಕ. ಇದಕ್ಕೆ ಆಪ್ತಸಮಾಲೋಚಕರು, ಅಡುಗೆಯವರು, ಲೆಕ್ಕಪತ್ರದವರು, ನಿಗದಿತ ದಿನಗಳಲ್ಲಿ ಬರುವ ಮನೋವೈದ್ಯರು, ಕರೆದಾಗ ಬರುವ ಸಾಮಾನ್ಯ ವೈದ್ಯರು ಸೇರಬೇಕು. ನಿಮ್ಮ 40 ಲಕ್ಷವನ್ನು ಕಟ್ಟಡವೇ ನುಂಗಿದರೆ ಮೊದಲ ತಿಂಗಳ ಸಂಬಳಕ್ಕೇ ನೀವು ರೋಗಿಗಳ ಮನೆಯವರ ಮುಖ ನೋಡಬೇಕಾಗುತ್ತದೆ, ಮತ್ತು ಆಗ ಹಾಸಿಗೆ ತುಂಬಿಸುವ ಆತುರದಲ್ಲಿ ಸೇರಿಸಿಕೊಳ್ಳಬಾರದವರನ್ನೂ ಸೇರಿಸಿಕೊಳ್ಳುತ್ತೀರಿ. ಕೇಂದ್ರಗಳು ಕೆಡುವುದನ್ನು ನಾನು ಕಂಡಿರುವುದು ಹೆಚ್ಚಾಗಿ ಈ ದಾರಿಯಲ್ಲಿ.

ಆದ್ದರಿಂದ ನನ್ನ ಸಲಹೆ 50ರ ಬದಲು 15 ಹಾಸಿಗೆ, ಹೊಸ ಕಟ್ಟಡದ ಬದಲು ಬಾಡಿಗೆಯ ದೊಡ್ಡ ಮನೆ, ಊರ ಹೊರಗಿನ ಜಮೀನಿನ ಬದಲು ಜಿಲ್ಲಾಸ್ಪತ್ರೆಗೆ ಹತ್ತಿರದ ಬೀದಿ. ಪುಣೆಯ ‘ಮುಕ್ತಾಂಗಣ’ವನ್ನು ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಆರಂಭಿಸಿದ್ದು ಯರವಡಾ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಆಗಲೇ ಇದ್ದ ಕಟ್ಟಡವೊಂದರಲ್ಲಿ. ಕನಿಷ್ಠ ಆರು ತಿಂಗಳ ಸಂಬಳ ಮತ್ತು ದಿನಸಿಯ ಹಣ ಠೇವಣಿಯಲ್ಲಿ ಇಲ್ಲದೆ ಬಾಗಿಲು ತೆರೆಯಬೇಡಿ. ಗಂಭೀರ ಸ್ಥಿತಿಯವರನ್ನು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕಳುಹಿಸುತ್ತೀರಿ ಎಂಬುದನ್ನು ಜಿಲ್ಲಾಸ್ಪತ್ರೆಯೊಂದಿಗೂ, ಸಾಧ್ಯವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನೊಂದಿಗೂ ಮೊದಲೇ ಮಾತಾಡಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಕಾಮಾಲೆ ಇರುವವರು, ರಕ್ತ ವಾಂತಿಯಾದವರು ಮೊದಲ ವಾರವನ್ನು ಆಸ್ಪತ್ರೆಯಲ್ಲಿ ಕಳೆದು ನಿಮ್ಮಲ್ಲಿಗೆ ಬರಲಿ.

ಪರವಾನಗಿಯ ವಿಷಯ. ಟ್ರಸ್ಟ್ ಆಗಬಹುದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ಸಂಘವೂ ಆಗಬಹುದು. ಮುಖ್ಯವಾದುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಅದರ ವ್ಯಾಖ್ಯೆಯೊಳಗೇ ಇರುವುದರಿಂದ, ಅಂತಹವರನ್ನು ಇರಿಸಿಕೊಂಡು ಚಿಕಿತ್ಸೆಯನ್ನೋ ಪುನರ್ವಸತಿಯನ್ನೋ ನೀಡುವ ಜಾಗ, ಅದು ಆಯುರ್ವೇದದ್ದಾಗಲಿ ಯೋಗಾಶ್ರಮವಾಗಲಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಲೇಬೇಕು. ಮೊದಲು ಸಿಗುವುದು 12 ತಿಂಗಳ ತಾತ್ಕಾಲಿಕ ನೋಂದಣಿ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5 ಸಾವಿರದಿಂದ 50 ಸಾವಿರ ರೂಪಾಯಿಯವರೆಗೆ, ತಪ್ಪು ಮರುಕಳಿಸುತ್ತಾ ಹೋದರೆ 5 ಲಕ್ಷದವರೆಗೆ ದಂಡವಿದೆ. ಇದರ ಜೊತೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ನೋಂದಣಿಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯನ್ನೂ, ಸೂಜಿ–ಸಿರಿಂಜುಗಳ ವಿಲೇವಾರಿಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕಾಣಬೇಕು. ಸರ್ಕಾರದ ಅನುದಾನವೂ ಉಂಟು. ಸಾಮಾಜಿಕ ನ್ಯಾಯ ಸಚಿವಾಲಯವು ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳಿಗೆ ನೆರವು ನೀಡುತ್ತದೆ. ಆದರೆ ಅದು ಕೆಲಸ ಮಾಡಿ ತೋರಿಸಿದ ಸಂಸ್ಥೆಗಳಿಗೆ ಕಂತಿನಲ್ಲಿ ಬರುವ ಹಣ. ಅದನ್ನು ನಂಬಿ ಆರಂಭಿಸಬೇಡಿ.

ನಕ್ಷೆಯನ್ನು ಕೇಳಿದ್ದೀರಿ, ಬಾಡಿಗೆ ಮನೆಗೂ ಅನ್ವಯಿಸುವ ಕೆಲವು ಮಾತುಗಳು. ಹೊಸದಾಗಿ ಬಂದವರ ಕೋಣೆ ನರ್ಸ್ ಕುರ್ಚಿಯಿಂದ ಕಾಣುವಂತಿರಲಿ, ಮಂಚ ತಗ್ಗಾಗಿರಲಿ, ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ, ಗೋಡೆಯಲ್ಲಿ ದೊಡ್ಡ ಗಡಿಯಾರವೂ ಕ್ಯಾಲೆಂಡರೂ ಇರಲಿ. ಕತ್ತಲಲ್ಲಿ, ಹೊತ್ತು ತಿಳಿಯದ ಕಡೆ ಸನ್ನಿ ಹೆಚ್ಚುತ್ತದೆ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್, ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳು, ಆಯುರ್ವೇದದ ಅರಿಷ್ಟಗಳು, ಇವೆಲ್ಲದರಲ್ಲೂ ಮದ್ಯಸಾರವಿರುವುದನ್ನು ಮರೆಯಬೇಡಿ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲೇ ನಿಂತಿತಾದರೂ, ಅಂಗೈಯಲ್ಲಿ ಅಡಗುವ 90 ಎಂಎಲ್‌ನ ಪೊಟ್ಟಣ ಅದರ ಜಾಗಕ್ಕೆ ಬಂದು ಕೂತಿದೆ. ಭೇಟಿಗೆ ಬಂದ ನೆಂಟರ ಬಾಳೆಹಣ್ಣಿನ ಚೀಲದಲ್ಲಿ ನಮಗದು ಸಿಕ್ಕಿದ್ದುಂಟು.

ಪ್ರಶ್ನೆ: ಕುಡಿತ ತಾಳಲಾರದೆ ನಾನೇ ಫೋನ್ ಮಾಡಿ ನನ್ನ ಯಜಮಾನರನ್ನು ಒಂದು ಕೇಂದ್ರಕ್ಕೆ ಒಪ್ಪಿಸಿದೆ. ರಾತ್ರಿ ನಾಲ್ವರು ಬಂದು ವ್ಯಾನಿನಲ್ಲಿ ಎಳೆದುಕೊಂಡು ಹೋದರು. ಮೂರು ತಿಂಗಳು ಭೇಟಿಯೂ ಇಲ್ಲ, ಫೋನೂ ಇಲ್ಲ, ಅದು ನಿಯಮ ಎನ್ನುತ್ತಾರೆ. ಅಲ್ಲಿಂದ ಬಂದ ಒಬ್ಬರು, ಎಲ್ಲರ ತಲೆ ಬೋಳಿಸುತ್ತಾರೆ, ಹೊಡೆಯುತ್ತಾರೆ, ಅಡುಗೆಮನೆಯ ಕೆಲಸ ಮಾಡಿಸುತ್ತಾರೆ ಎಂದರು. ಕರೆತಂದರೆ ಮತ್ತೆ ಕುಡಿಯುತ್ತಾರೆಂಬ ಭಯ, ಬಿಟ್ಟರೆ ಈ ಭಯ. ನಾನೇನು ಮಾಡಲಿ?
— ತುಮಕೂರಿನ ಗೃಹಿಣಿ

ಉತ್ತರ: ತಾಯಿ, ನೀವು ಮಾಡಿದ್ದು ಗಂಡನನ್ನು ಉಳಿಸಿಕೊಳ್ಳುವ ಪ್ರಯತ್ನ, ಅವರು ಮಾಡುತ್ತಿರುವುದಕ್ಕೆ ನೀವು ಹೊಣೆಯಲ್ಲ. ಆದರೆ ತಡಮಾಡಬೇಡಿ.

ಅವರು ಹೇಳುವ ನಿಯಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ನಾನು ಮೇಲೆ ಹೇಳಿದ 2017ರ ಕಾಯ್ದೆಯ ಪ್ರಕಾರ ಚಿಕಿತ್ಸೆಗೆ ಒಳಗಾದವರಿಗೆ ಭೇಟಿಗೆ ಬಂದವರನ್ನು ಕಾಣುವ, ಫೋನಿನಲ್ಲಿ ಮಾತಾಡುವ ಹಕ್ಕಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ಹೇರುವಂತಿಲ್ಲ, ಕೆಲಸಕ್ಕೆ ಒತ್ತಾಯಿಸುವಂತಿಲ್ಲ. ಒಬ್ಬಂಟಿಯಾಗಿ ಕೂಡಿಹಾಕುವುದೂ ಸರಪಳಿ ಬಿಗಿಯುವುದೂ ಪೂರ್ಣವಾಗಿ ನಿಷಿದ್ಧ. ತನ್ನ ಚಿಕಿತ್ಸೆಯ ಬಗ್ಗೆ ತಾನೇ ನಿರ್ಧರಿಸಬಲ್ಲ ವ್ಯಕ್ತಿ ಸ್ವಂತ ಇಚ್ಛೆಯಿಂದ ದಾಖಲಾಗುವುದೇ ಮೂಲ ಕ್ರಮ. ಆತ ಹೊರಡುತ್ತೇನೆಂದರೆ ಬಿಡಬೇಕು, ಹೆಚ್ಚೆಂದರೆ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ಅಂತಹ ಸ್ಥಿತಿಯಲ್ಲಿಲ್ಲದವರನ್ನು ದಾಖಲಿಸಬೇಕಾದರೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವಧಿ 30 ದಿನ ಮೀರಬಾರದು, ಮತ್ತು ವಿಷಯವನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಮುಂದುವರಿಸಬೇಕಾದರೆ ಮತ್ತೊಮ್ಮೆ ಪರೀಕ್ಷೆ, ಮಂಡಳಿಯ ಒಪ್ಪಿಗೆ. ರಾತ್ರಿಯ ವ್ಯಾನು ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ನಾಳೆಯೇ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಿ. ಯಜಮಾನರು ಬೇರೆ ಯಾರನ್ನೂ ಪ್ರತಿನಿಧಿಯಾಗಿ ಹೆಸರಿಸಿರದಿದ್ದರೆ ಸಂಬಂಧಿಯಾದ ನೀವು ಆ ಸ್ಥಾನದಲ್ಲಿ ನಿಂತು ಮಾತಾಡಬಹುದು. ಅವರನ್ನು ಕಣ್ಣಾರೆ ನೋಡಬೇಕೆಂದು, ನೋಂದಣಿ ಪತ್ರವನ್ನೂ ಚಿಕಿತ್ಸೆಯ ದಾಖಲೆಯನ್ನೂ ತೋರಿಸಬೇಕೆಂದು ಕೇಳಿ. ನಿರಾಕರಿಸಿದರೆ ಅಲ್ಲೇ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆಮಾಡಿ. ನಂತರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ವಕೀಲರ ನೆರವು ಉಚಿತ. ಕರೆತಂದ ದಿನವೇ ಅವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್‌ನ 14416, ವ್ಯಸನಕ್ಕೆಂದೇ ಇರುವ 14446, ಎರಡೂ ಶುಲ್ಕವಿಲ್ಲದ ಸಂಖ್ಯೆಗಳು.

ಕೇಂದ್ರ ನಡೆಸುವವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಮನೆಯವರನ್ನು ಕಂಡೊಡನೆ ‘ಕರೆದುಕೊಂಡು ಹೋಗು’ ಎಂದು ಅಳುತ್ತಾರೆ, ಆದ್ದರಿಂದ ಭೇಟಿ ಬೇಡ ಎಂಬ ವಾದವನ್ನು ನಾನು ಬಹಳ ಕೇಳಿದ್ದೇನೆ. ಅಳುತ್ತಾರೆ, ನಿಜ. ಆದರೆ ಹೆಂಡತಿಗೆ ಕೊಟ್ಟ ನೋವು, ಅಡವಿಟ್ಟ ಓಲೆ, ಮಗಳ ನಿಂತುಹೋದ ಶುಲ್ಕ, ಇವೆಲ್ಲ ಆಪ್ತಸಮಾಲೋಚನೆಯಲ್ಲಿ ಮೇಲೆದ್ದು ಬರುವುದು ಆ ಭೇಟಿಗಳ ಮರುದಿನವೇ. ಅವರ ಮುಖ ತಪ್ಪಿಸಿ ಚಿಕಿತ್ಸೆ ನಡೆಯದು.

ಪ್ರಶ್ನೆ: ಆಟೋ ಓಡಿಸುತ್ತೇನೆ, ಪಿಯುಸಿವರೆಗೆ ಓದಿದ್ದೇನೆ. ದೇವರ ದಯೆಯಿಂದ 6 ವರ್ಷಗಳಿಂದ ಕುಡಿದಿಲ್ಲ, ಈಗಲೂ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿಗೆ ಹೋಗುತ್ತೇನೆ. ಕುಡುಕನ ಸಂಕಟ ಕುಡುಕನಿಗೇ ಗೊತ್ತು. ಸ್ನೇಹಿತರೊಂದಿಗೆ ಸೇರಿ ನಾವೇ ಒಂದು ಕೇಂದ್ರ ನಡೆಸಬಹುದೇ?
— ಮಂಗಳೂರಿನ ಓದುಗರು

ಉತ್ತರ: ನೀವು ಹೇಳಿದ ಮಾತಿನ ಮೇಲೆಯೇ ಆ ಸಭೆಗಳು ನಿಂತಿವೆ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಶಸ್ತ್ರವೈದ್ಯರೂ, ಇಬ್ಬರೂ ಕುಡಿತಕ್ಕೆ ಸೋತವರು, ಎದುರುಬದುರು ಕುಳಿತು ಮಾತಾಡಿದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ನಿಮ್ಮ ಜಿಲ್ಲೆಯಲ್ಲಿ ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೂ ನವಜೀವನ ಸಮಿತಿಗಳು ಮುಂದುವರಿಯುವುದನ್ನು ನೀವು ಕಂಡಿರಬಹುದು. ಬಿಟ್ಟವರ ಜೊತೆ ಬಿಟ್ಟವರು ಕೂರುವುದೇ ಅಲ್ಲಿಯ ಬಲ. ನಡುಗುವ ಕೈಯಲ್ಲಿ ಕಾಫಿ ಲೋಟ ಹಿಡಿಯಲಾಗದೆ ನಾಚಿಕೊಂಡವನಿಗೆ ‘ನನ್ನದೂ ಹೀಗೇ ಚೆಲ್ಲುತ್ತಿತ್ತು’ ಎನ್ನಬಲ್ಲವರು ನೀವು. ನನ್ನ ಪದವಿ ಅಲ್ಲಿ ಏನೂ ಕೆಲಸ ಮಾಡುವುದಿಲ್ಲ.

ಆದರೆ ನಿಮಗೆ ಗೊತ್ತಿರುವುದು ನಿಮ್ಮ ದಾರಿ ಒಂದೇ. ಸರ್ಕಾರದ ನೆರವಿನ ಕೇಂದ್ರಗಳಲ್ಲಿ ಸಹಭಾಗಿ ಕಾರ್ಯಕರ್ತರಿಗೆಂದೇ, ಅಂದರೆ ನಿಮ್ಮಂತೆ ವ್ಯಸನದಿಂದ ಚೇತರಿಸಿಕೊಂಡವರಿಗೆಂದೇ, ಹುದ್ದೆಯಿದೆ. ಕೇಂದ್ರವನ್ನು ನೀವೇ ನಡೆಸುವ ಮೊದಲು ಎರಡು ಮೂರು ವರ್ಷ ಅಂತಹ ಕಡೆ ದುಡಿಯಿರಿ. ವ್ಯಸನ ಚಿಕಿತ್ಸೆಯಲ್ಲಿ ತೊಡಗಿರುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಆನ್‌ಲೈನಿನಲ್ಲೂ ತರಬೇತಿ ನಡೆಸುತ್ತದೆ. ನಮ್ಮಲ್ಲಿ ಚೇತರಿಸಿಕೊಂಡವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಮೊದಲೇ ಹೇಳುವ ಕೆಲವು ಮಾತುಗಳಿವೆ. ಔಷಧದ ಬೀಗದ ಕೈ ಅವರ ಬಳಿ ಇರುವುದಿಲ್ಲ, ರಾತ್ರಿಪಾಳಿಯಲ್ಲಿ ಅವರು ಒಬ್ಬರೇ ಇರುವುದಿಲ್ಲ, ಬೇರೆಯವರ ಚೇತರಿಕೆಯ ಗಡಿಬಿಡಿಯಲ್ಲಿ ತಮ್ಮ ಸಭೆಯನ್ನು ತಪ್ಪಿಸುವಂತಿಲ್ಲ. ಒಂದು ವೇಳೆ ಮತ್ತೆ ಕುಡಿದರೆ ಅಂದೇ ತಿಳಿಸಬೇಕು. ಹಾಗೆ ತಿಳಿಸಿದವರನ್ನು ನಾವು ಕೆಲಸದಿಂದ ತೆಗೆಯುವುದಿಲ್ಲ, ರಜೆ ಕೊಟ್ಟು ಚಿಕಿತ್ಸೆಗೆ ಕಳುಹಿಸುತ್ತೇವೆ. ಮುಚ್ಚಿಟ್ಟರೆ ಮಾತ್ರ ತೆಗೆಯುತ್ತೇವೆ. ನೀವೇ ಮಾಲೀಕರಾದರೆ ನಿಮಗೆ ರಜೆ ಕೊಡುವವರು ಯಾರು ಎಂಬುದನ್ನು ಯೋಚಿಸಿ.

ಪ್ರಶ್ನೆ: ಸಾಂಬಾರಿನಲ್ಲಿ ಗೊತ್ತಾಗದಂತೆ ಬೆರೆಸಿ ಕೊಡುವ ಮಾತ್ರೆಯಿದೆಯಂತೆ. ನಮ್ಮ ಕೇಂದ್ರದಿಂದ ಮನೆಗೆ ಹೋದವರಿಗೆ ಅದನ್ನು ಕೊಟ್ಟು ಕಳುಹಿಸಬಹುದೇ?
— ಮೈಸೂರಿನ ಕಾರ್ಯಕರ್ತರು

ಉತ್ತರ: ಕೂಡದು. ನೀವು ಹೇಳುವ ಮಾತ್ರೆ ಡೈಸಲ್ಫಿರಾಮ್ ಇರಬೇಕು. ಅದನ್ನು ಸೇವಿಸಿದವರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರ ಜೀವಕ್ಕೇ ಅಪಾಯ. ಅದು ತಿಳಿದು, ಒಪ್ಪಿ, ವೈದ್ಯರ ಪರೀಕ್ಷೆಯ ನಂತರ ತೆಗೆದುಕೊಳ್ಳುವವರಿಗೆ ಮಾತ್ರ. ಹಾಗೆ ಒಪ್ಪಿದವರಿಗೆ ಹೆಂಡತಿಯ ಎದುರು ದಿನವೂ ನುಂಗುವ ಆ ಮಾತ್ರೆ ಒಳ್ಳೆಯ ಊರುಗೋಲೇ ಹೌದು.

ಪ್ರಶ್ನೆ: ನಮ್ಮ ಕೇಂದ್ರಕ್ಕೆ 4 ವರ್ಷವಾಯಿತು. ದಾನಿಯೊಬ್ಬರು ‘ನಿಮ್ಮಲ್ಲಿ ಶೇಕಡ ಎಷ್ಟು ಜನ ಗುಣವಾಗಿದ್ದಾರೆ’ ಎಂದು ಬರೆದು ಕೇಳಿದ್ದಾರೆ. ಬೇರೆ ಕೇಂದ್ರಗಳು 90 ಎಂದು ಜಾಹೀರಾತು ಕೊಡುತ್ತಿವೆ. ನಮ್ಮಲ್ಲಿ ಹೋದವರಲ್ಲಿ ಅನೇಕರು ಮತ್ತೆ ಕುಡಿದು ಬಂದಿದ್ದಾರೆ. ಏನೆಂದು ಉತ್ತರಿಸಲಿ?
— ಬೆಳಗಾವಿ ಜಿಲ್ಲೆಯ ಸಂಸ್ಥೆಯೊಂದರ ಕಾರ್ಯದರ್ಶಿ

ಉತ್ತರ: ಹೊರಟ ದಿನ ಎಣಿಸಿದರೆ ನೂರಕ್ಕೆ ನೂರು. ಒಳಗಿದ್ದಷ್ಟು ದಿನ ಯಾರೂ ಕುಡಿದಿರುವುದಿಲ್ಲವಲ್ಲ! ಜಾಹೀರಾತಿನ 90 ಎಂಬುದು ಯಾವ ದಿನದ ಎಣಿಕೆ, ಫೋನು ಎತ್ತದವರನ್ನು ಯಾವ ಸಾಲಿಗೆ ಸೇರಿಸಿದ್ದಾರೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ವ್ಯಸನ ಮರುಕಳಿಸುವ ಕಾಯಿಲೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ನಾವು ಆಸ್ಪತ್ರೆ ಸೋತಿತೆನ್ನುವುದಿಲ್ಲ. ಮತ್ತೆ ಕುಡಿದವರಲ್ಲಿ ಅನೇಕರು ನಿಮ್ಮಲ್ಲಿಗೇ ಮರಳಿ ಬಂದಿದ್ದಾರೆ ಎಂದು ಬರೆದಿದ್ದೀರಿ. ಬೈಯುವ, ಹೊಡೆಯುವ ಜಾಗಕ್ಕೆ ಯಾರೂ ತಾವಾಗಿ ಮರಳುವುದಿಲ್ಲ, ಹಾಗಾಗಿ ಅದನ್ನೂ ದಾನಿಗೆ ತಿಳಿಸಿ. ಮತ್ತೆ ಕುಡಿಯುವ ಅಪಾಯ ಹೆಚ್ಚಿರುವುದು ಹೊರಬಂದ ಮೊದಲ ಕೆಲವು ತಿಂಗಳುಗಳಲ್ಲಿ. ಸಂಬಳದ ದಿನ, ಊರ ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಹೊಲದ ಪಾಲಿನ ಜಗಳ, ಇವು ಎಲ್ಲರಿಗೂ ಗೊತ್ತಿರುವ ಗುಂಡಿಗಳು. ಆದರೂ ಕೇಂದ್ರಗಳ ಹಣವೆಲ್ಲ ಒಳಗಿನ ದಿನಗಳಿಗೇ ಖರ್ಚಾಗಿ, ಹೊರಗಿನ ದಿನಗಳಿಗೆ ಒಂದು ಫೋನಿನ ರೀಚಾರ್ಜ್ ಕೂಡ ಉಳಿದಿರುವುದಿಲ್ಲ.

ನಿಮ್ಮಲ್ಲಿ ಒಂದು ದಪ್ಪ ದಾಖಲೆ ಪುಸ್ತಕ ಇರಲಿ. ಹೊರಟವರ ಹೆಸರಿನ ಮುಂದೆ 1, 3, 6 ಮತ್ತು 12 ತಿಂಗಳ ಖಾನೆಗಳನ್ನು ಎಳೆದು, ಅವರು ಕುಡಿದರೋ ಇಲ್ಲವೋ ಎಂಬುದರ ಜೊತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ಕೆಲಸಕ್ಕೆ ಹೋಗುತ್ತಿದ್ದಾರೆಯೇ, ಮನೆಯಲ್ಲಿ ಹೊಡೆತ ನಿಂತಿದೆಯೇ, ಸಭೆಗೆ ಬರುತ್ತಿದ್ದಾರೆಯೇ ಎಂಬುದನ್ನು ಬರೆಯಿರಿ. ಮನೆಯವರನ್ನೂ ಬೇರೆಯಾಗಿ ಕೇಳಿ. ಸಿಗದವರನ್ನು ‘ಸಿಗಲಿಲ್ಲ’ ಎಂದೇ ಬರೆಯಿರಿ, ಗುಣವಾದವರ ಸಾಲಿಗೆ ತಳ್ಳಬೇಡಿ. ಹೆಸರುಗಳನ್ನು ತೆಗೆದು ಆ ಅಂಕಿಗಳನ್ನು ಇದ್ದಂತೆಯೇ ದಾನಿಗೆ ಕಳುಹಿಸಿ. ಅವರು ಹೊಸ ಕೊಠಡಿಗೆ ಹಣ ಕೊಡುತ್ತೇನೆಂದರೆ, ಈಗ ಬೇಕಿರುವುದು ಕೊಠಡಿಯಲ್ಲ, ಫೋನು ಎತ್ತದವರ ಮನೆಗಳಿಗೆ ಹೋಗಿ ಬರಲು ಒಬ್ಬ ಕಾರ್ಯಕರ್ತನ ಸಂಬಳ, ಒಂದು ಬೈಕು ಮತ್ತು ಅದರ ಪೆಟ್ರೋಲು ಎಂದು ಪತ್ರದ ಕೊನೆಯಲ್ಲಿ ಬರೆಯಲು ಸಂಕೋಚ ಪಡಬೇಡಿ.